ಕೊಳಚೆನೀರಿನ ಸಾರಜನಕ ಮತ್ತು ರಂಜಕ: ಒಂದು ಐತಿಹಾಸಿಕ ವಿವೇಚನೆ

ನಗರಗಳ ಚರಿತ್ರೆಯನ್ನು ಬರೆದವರು ನಗರದೊಳಕ್ಕೆ ಬಂದ ನೀರಿನ ವಿಷಯವನ್ನು ವಿಸ್ತಾರವಾಗಿ ಬರೆದಿದ್ದಾರೆ. ಕೆರೆಯನ್ನು ಕಟ್ಟಿಸಿದ ಅರಸ, ತೂಬನ್ನು ಇಡಿಸಿದ ಹೆಗ್ಗಡೆ, ಬಾವಿಯನ್ನು ತೋಡಿಸಿದ ಸೆಟ್ಟಿ, ಇವರ ಹೆಸರುಗಳು ನಮ್ಮ ಶಾಸನಗಳಲ್ಲಿ ಉಳಿದುಬಂದಿವೆ. ನಗರದಿಂದ ಹೊರಕ್ಕೆ ಹೋದ ನೀರಿಗೆ ಶಾಸನವಿಲ್ಲ. ಅದರ ಚರಿತ್ರೆಯನ್ನು ರಸಾಯನಜ್ಞರ ವರದಿಗಳಲ್ಲಿಯೂ ನಗರಸಭೆಗಳ ಕಡತಗಳಲ್ಲಿಯೂ ಹುಡುಕಬೇಕು. ಹಾಗೆ ಹುಡುಕಹೊರಟವನಿಗೆ ಬೆಂಗಳೂರಿನ ಹೆಸರು ಎರಡು ಬಾರಿ, ಅದೂ ಮುಖ್ಯವಾದ ಸ್ಥಳಗಳಲ್ಲಿಯೇ, ಎದುರಾಗುವುದು ಆಶ್ಚರ್ಯಕರ. ಕೊಳಚೆನೀರಿನಲ್ಲಿರುವ ಸಾರಜನಕ ಮತ್ತು ರಂಜಕಗಳನ್ನು ಸೂಕ್ಷ್ಮಜೀವಿಗಳ ಸಮುದಾಯಗಳು ಹೇಗೆ ತೆಗೆಯುತ್ತವೆ ಎಂಬ ತಿಳಿವಳಿಕೆ ಬೆಳೆದುಬಂದ ಬಗೆಯನ್ನೂ, ಅದರಲ್ಲಿ ಬೆಂಗಳೂರಿನ ಪಾಲು ಎಷ್ಟು ಮತ್ತು ಅದು ಏಕೆ ಮರೆತುಹೋಯಿತು ಎಂಬುದನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ವಿಷಯಪ್ರವೇಶಕ್ಕೆ ಮುನ್ನ ಒಂದೆರಡು ಮಾತು. ಮಲಮೂತ್ರಗಳಿಂದಲೂ ಬಚ್ಚಲಿನಿಂದಲೂ ಬರುವ ನೀರಿನಲ್ಲಿ ಸಾರಜನಕವು ಹೆಚ್ಚಾಗಿ ಅಮೋನಿಯದ ರೂಪದಲ್ಲಿಯೂ ರಂಜಕವು ಫಾಸ್ಫೇಟಿನ ರೂಪದಲ್ಲಿಯೂ ಇರುತ್ತವೆ. ಇವು ಕಣ್ಣಿಗೆ ಕಾಣುವ ಹೊಲಸಲ್ಲ. ನೀರು ಎಷ್ಟೇ ತಿಳಿಯಾದರೂ ಅದರಲ್ಲಿ ಕರಗಿಯೇ ಇರುತ್ತವೆ. ಸಸ್ಯಗಳಿಗೆ ಇವೆರಡೂ ಆಹಾರ. ಹೊಲಕ್ಕೆ ಬಿದ್ದರೆ ಇವು ಗೊಬ್ಬರ, ಕೆರೆಗೆ ಬಿದ್ದರೆ ಪಾಚಿ. ಒಂದೇ ವಸ್ತುವನ್ನು ಒಂದು ಕಾಲ ಶುದ್ಧಿಯ ಲಕ್ಷಣವೆಂದೂ, ಮತ್ತೊಂದು ಕಾಲ ಸಂಪತ್ತೆಂದೂ, ಇನ್ನೊಂದು ಕಾಲ ಕೇಡೆಂದೂ ಎಣಿಸಿತು. ಜೀವಿಗಳು ಮಾತ್ರ ಮೊದಲಿನಿಂದ ಕೊನೆಯವರೆಗೆ ತಮ್ಮ ಕೆಲಸವನ್ನೇ ಮಾಡಿಕೊಂಡು ಬಂದಿವೆ.

ಹಳೆಯ ಮಣ್ಣುಗೋಡೆಗಳ ಬುಡದಲ್ಲಿಯೂ ದನದ ಕೊಟ್ಟಿಗೆಗಳ ನೆಲದಲ್ಲಿಯೂ ಮೂಡುವ ಬಿಳಿಯ ಪೆಟ್ಲುಪ್ಪನ್ನು ಕೆರೆದು ಸಿಡಿಮದ್ದು ಮಾಡುತ್ತಿದ್ದುದು ಎಲ್ಲರಿಗೂ ತಿಳಿದಿದೆ. ಮೂತ್ರದ ಅಮೋನಿಯವು ನೆಲದಲ್ಲಿ ನೈಟ್ರೇಟಾಗಿ ಮಾರ್ಪಟ್ಟುದರ ಫಲ ಅದು. ಈ ಮಾರ್ಪಾಟು ಕೇವಲ ರಾಸಾಯನಿಕ ಕ್ರಿಯೆಯೆಂದು 19ನೆಯ ಶತಮಾನದ ಬಹುಭಾಗದಲ್ಲಿ ಪಂಡಿತರು ನಂಬಿದ್ದರು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಉದ್ದವಾದ ಗಾಜಿನ ಕೊಳವೆಯಲ್ಲಿ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ ಅದರ ಮೂಲಕ ಕೊಳಚೆನೀರನ್ನು ಅತಿ ನಿಧಾನವಾಗಿ ಇಳಿಯಬಿಟ್ಟರು. ಸುಮಾರು 20 ದಿನಗಳವರೆಗೆ ಅಮೋನಿಯವು ಹೋದಂತೆಯೇ ಹೊರಬಂದಿತು. ಅನಂತರ ನೈಟ್ರೇಟು ಕಾಣಿಸಿಕೊಂಡು ದಿನದಿನಕ್ಕೆ ಹೆಚ್ಚಿತು. ಕ್ರಿಯೆಯು ಬರಿಯ ರಾಸಾಯನಿಕವಾಗಿದ್ದರೆ 20 ದಿನ ಕಾಯಬೇಕಾದ ಕಾರಣವೇನು? ಅವರು ಕೊಳವೆಗೆ ಕ್ಲೋರೊಫಾರಂ ಹಬೆಯನ್ನು ಹಾಯಿಸಿದರು, ನೈಟ್ರೇಟು ನಿಂತುಹೋಯಿತು. ಹಬೆಯನ್ನು ತೆಗೆದಮೇಲೂ ಅದು ಮರಳಲಿಲ್ಲ. ಬಳಿಕ ಒಂದಿಷ್ಟು ತೋಟದ ಮಣ್ಣನ್ನು ನೀರಿನಲ್ಲಿ ಕದಡಿ ಮೇಲಿನಿಂದ ಸುರಿದಾಗ, ಕೆಲವು ದಿನಗಳಲ್ಲಿ ನೈಟ್ರೇಟು ಮತ್ತೆ ಹುಟ್ಟಿತು. ಮಣ್ಣಿನಲ್ಲಿ ಜೀವವಿದೆ, ಆ ಜೀವವೇ ಈ ಕೆಲಸವನ್ನು ಮಾಡುತ್ತಿದೆ ಎಂಬ ನಿರ್ಣಯಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಾಗಿರಲಿಲ್ಲ.

ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ ಕೀರ್ತಿ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಲ್ಲುತ್ತದೆ. 1890ರಲ್ಲಿ ಜೂರಿಚ್ ನಗರದಲ್ಲಿ ಕೆಲಸಮಾಡುತ್ತಿದ್ದಾಗ, ಅಮೋನಿಯವನ್ನು ನೈಟ್ರೈಟು ಮಾಡುವ ಬ್ಯಾಕ್ಟೀರಿಯವೇ ಬೇರೆ, ನೈಟ್ರೈಟನ್ನು ನೈಟ್ರೇಟು ಮಾಡುವ ಬ್ಯಾಕ್ಟೀರಿಯವೇ ಬೇರೆ ಎಂಬ ತತ್ತ್ವಕ್ಕೆ ಆತ ತಳಹದಿಯನ್ನು ಹಾಕಿದ. ಈ ಶ್ರಮವಿಭಾಗವು ಮುಂದೆ 125 ವರ್ಷಗಳ ಕಾಲ ಪಾಠಪುಸ್ತಕದ ನಿಯಮವಾಗಿ ನಿಂತಿತು. ಇದಕ್ಕೆ ಕೆಲವು ವರ್ಷ ಮುಂಚೆ, 1880ರ ದಶಕದಲ್ಲಿಯೇ, ಗಾಳಿಯಿಲ್ಲದ ಕಡೆ ಇನ್ನು ಕೆಲವು ಬ್ಯಾಕ್ಟೀರಿಯಗಳು ನೈಟ್ರೇಟಿನ ಆಮ್ಲಜನಕವನ್ನು ಉಸಿರಾಟಕ್ಕೆ ಬಳಸಿಕೊಂಡು ಸಾರಜನಕವನ್ನು ಅನಿಲರೂಪದಲ್ಲಿ ಆಕಾಶಕ್ಕೆ ಬಿಟ್ಟುಬಿಡುತ್ತವೆಂದು ಫ್ರಾನ್ಸಿನ ಗೇಯೋನ್ ಮತ್ತು ದ್ಯುಪೆಟಿ ತೋರಿಸಿದ್ದರು. ಹೀಗೆ ಸಾರಜನಕವನ್ನು ನೀರಿನಿಂದ ತೆಗೆಯಲು ಬೇಕಾದ ಎರಡು ಕ್ರಿಯೆಗಳೂ 1890ರ ವೇಳೆಗೆ ತಿಳಿದಿದ್ದುವು. ಆದರೆ ಸಾರಜನಕವನ್ನು ತೆಗೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅಂದಿನವರಿಗೆ ನೈಟ್ರೇಟು ಶುದ್ಧಿಯ ಸಾಕ್ಷಿ. ಬಿಟ್ಟ ನೀರಿನಲ್ಲಿ ಅಮೋನಿಯ ಹೋಗಿ ನೈಟ್ರೇಟು ಬಂದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದೇ ಅರ್ಥ.

ಈ ಮನೋಭಾವವನ್ನು ತಿಳಿಯದೆ ಮ್ಯಾಂಚೆಸ್ಟರಿನ ಪ್ರಯೋಗದ ಸ್ವಾರಸ್ಯವು ತಿಳಿಯುವುದಿಲ್ಲ. ಮ್ಯಾಂಚೆಸ್ಟರ್ ನಗರಸಭೆಗೆ ಸಲಹೆಗಾರರಾಗಿದ್ದ ರಸಾಯನಜ್ಞ ಗಿಲ್ಬರ್ಟ್ ಫೌಲರ್ 1912ರಲ್ಲಿ ನ್ಯೂಯಾರ್ಕ್ ಬಂದರಿನ ನೀರಿನ ಮಾಲಿನ್ಯದ ವಿಷಯವಾಗಿ ಅಮೆರಿಕಕ್ಕೆ ಹೋದರು. ಆಗ ಮ್ಯಾಸಚೂಸೆಟ್ಸ್ ಸಂಸ್ಥಾನದ ಲಾರೆನ್ಸ್ ಪ್ರಯೋಗಕೇಂದ್ರದಲ್ಲಿ, ಗಾಳಿಯೂದಿದ ಕೊಳಚೆನೀರಿನ ಸೀಸೆಗಳ ಒಳಮೈಗೆ ಹಸುರು ಕಟ್ಟಿಕೊಂಡು ನೀರು ತಿಳಿಯಾಗಿರುವುದನ್ನು ನೋಡಿದರು. ಊರಿಗೆ ಮರಳಿ, ಡೇವಿಹ್ಯೂಮ್ ಶುದ್ಧೀಕರಣಾಲಯದಲ್ಲಿದ್ದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಕಿರಿಯರಿಗೆ ಇಂಥದೇ ಪ್ರಯೋಗವನ್ನು ಮಾಡಿನೋಡುವಂತೆ ಸೂಚಿಸಿದರು. ಇವರು ಸೀಸೆಗಳಿಗೆ ಕಂದುಕಾಗದವನ್ನು ಸುತ್ತಿ ಬೆಳಕನ್ನು ತಡೆದರು. ಪಾಚಿಯ ಸಹಾಯವಿಲ್ಲದೆ ಶುದ್ಧಿಯಾಗುವುದೇ ಎಂಬುದನ್ನು ನೋಡಬೇಕಾಗಿತ್ತು. ಮೊದಲನೆಯ ಸಲ ಅಮೋನಿಯವೆಲ್ಲ ನೈಟ್ರೇಟಾಗಲು ಸುಮಾರು ಐದು ವಾರ ಹಿಡಿಯಿತು. ಆಮೇಲೆ ಅವರು ಮಾಡಿದ ಕೆಲಸವೇ ಮುಖ್ಯವಾದುದು. ತಿಳಿನೀರನ್ನು ಬಸಿದರು, ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆನೀರನ್ನು ಸುರಿದು ಮತ್ತೆ ಗಾಳಿಯೂದಿದರು. ಹೀಗೆ ಮತ್ತೆ ಮತ್ತೆ ಮಾಡಿದಂತೆ ಕಾಲವು ಕಡಿಮೆಯಾಗುತ್ತ ಬಂದು ಕೊನೆಗೆ 24 ಗಂಟೆಗಳ ಒಳಗಾಗಿ ಕೆಲಸ ಮುಗಿಯತೊಡಗಿತು. ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕುವವರಿಗೆ ಈ ತತ್ತ್ವವನ್ನು ವಿವರಿಸಬೇಕಾದುದಿಲ್ಲ. 1914ನೆಯ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನಲ್ಲಿ ನಡೆದ ಕೈಗಾರಿಕಾ ರಸಾಯನ ಸಂಘದ ಸಭೆಯಲ್ಲಿ ಅವರು ತಮ್ಮ ಲೇಖನವನ್ನು ಓದಿದರು. ಆ ಕೆಸರಿಗೆ ಅವರಿಟ್ಟ ಹೆಸರನ್ನು ನಾವು ಕ್ರಿಯಾಶೀಲ ಕೆಸರು ಎನ್ನಬಹುದು. ಇಂದಿಗೂ ಜಗತ್ತಿನ ದೊಡ್ಡ ನಗರಗಳ ಕೊಳಚೆನೀರಿನ ಶುದ್ಧೀಕರಣವು ಬಹುಮಟ್ಟಿಗೆ ಈ ಪದ್ಧತಿಯನ್ನೇ ಅವಲಂಬಿಸಿದೆ.

ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು, 1924ರವರೆಗೆ ಅಲ್ಲಿದ್ದರು. ಕ್ರಿಯಾಶೀಲ ಕೆಸರಿನ ಮೂಲಪ್ರೇರಕನೇ ಇಲ್ಲಿಗೆ ಬಂದುದರಿಂದ, ಯುರೋಪಿನ ಅನೇಕ ನಗರಗಳಿಗೆ ಆ ವಿದ್ಯೆಯು ತಲುಪುವುದಕ್ಕೆ ಮುಂಚೆಯೇ ಬೆಂಗಳೂರಿಗೆ ತಲುಪಿತೆನ್ನಬೇಕು. ಇಲ್ಲಿ ಫೌಲರರ ದೃಷ್ಟಿಯು ಬೇರೊಂದು ಕಡೆಗೆ ತಿರುಗಿತು. ಗೋಧಿಯ ಬೆಳೆಗೆ ಸಾರಜನಕದ ಕೊರತೆ ಬರಲಿದೆಯೆಂದು 1898ರಲ್ಲಿಯೇ ವಿಲಿಯಂ ಕ್ರೂಕ್ಸ್ ಇಂಗ್ಲೆಂಡಿನಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಗಾಳಿಯ ಸಾರಜನಕದಿಂದ ಅಮೋನಿಯವನ್ನು ಮಾಡುವ ಕಾರ್ಖಾನೆಯು 1913ರಲ್ಲಿ ಜರ್ಮನಿಯಲ್ಲಿ ಆರಂಭವಾಗಿತ್ತಾದರೂ ಆ ಗೊಬ್ಬರವು ಭಾರತದ ಬೇಸಾಯಗಾರನ ಕೈಗೆ ಎಟುಕುವಂತಿರಲಿಲ್ಲ. ಇಂಥ ದೇಶದಲ್ಲಿ ಊರಿನ ಹೊಲಸಿನೊಡನೆ ಹರಿದುಹೋಗುವ ಸಾರಜನಕವು ವ್ಯರ್ಥವಾಗಬಾರದೆಂಬ ಚಿಂತೆ ಅವರನ್ನು ಹಿಡಿಯಿತು. 1934ರಲ್ಲಿ ಪ್ರಕಟವಾದ ಅವರ ಗ್ರಂಥದ ವಸ್ತುವೂ ಸಾರಜನಕ ಸಂರಕ್ಷಣೆಯ ಜೀವರಸಾಯನವೇ. ಮುಂದಿನ ತಲೆಮಾರು ಬಹುದೊಡ್ಡ ವೆಚ್ಚದಿಂದ ಆಕಾಶಕ್ಕೆ ಓಡಿಸಿದ ಸಾರಜನಕವನ್ನು ಇವರು ಹಿಡಿದಿಡಬೇಕೆಂದರು. ಇಬ್ಬರಲ್ಲಿ ಯಾರು ಸರಿ ಎಂಬ ಪ್ರಶ್ನೆಯನ್ನು ಕೇಳುವುದು ಸುಲಭ. ಆದರೆ ಅವರಿಬ್ಬರೂ ನಿಂತಿದ್ದ ದಡಗಳೇ ಬೇರೆ. ಒಬ್ಬರ ಮುಂದಿದ್ದುದು ಬಡವಾದ ಹೊಲ, ಇನ್ನೊಬ್ಬರ ಮುಂದಿದ್ದುದು ಕೊಬ್ಬಿದ ಸರೋವರ.

ಫೌಲರರ ಅನಂತರವೂ ಸಂಸ್ಥೆಯಲ್ಲಿ ಈ ವ್ಯಾಸಂಗವು ನಿಲ್ಲಲಿಲ್ಲ. ಜೀವರಸಾಯನ ವಿಭಾಗದ ವಿ. ಸುಬ್ರಹ್ಮಣ್ಯನ್ (1950ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲನೆಯ ನಿರ್ದೇಶಕರು ಇವರೇ) ಮತ್ತು ಎಸ್. ಸಿ. ಪಿಳ್ಳೆ 1942ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಒಂದು ಧೀರವಾದ ವಾದವನ್ನು ಮುಂದಿಟ್ಟರು. ಕ್ರಿಯಾಶೀಲ ಕೆಸರಿನಲ್ಲಿ ಬ್ಯಾಕ್ಟೀರಿಯಗಳಿಗಿಂತ ಪ್ರೊಟೊಜೋವ ಎಂಬ ಏಕಕೋಶ ಪ್ರಾಣಿಗಳ, ಅದರಲ್ಲಿಯೂ ಗಂಟೆಯ ಆಕಾರದ ಎಪಿಸ್ಟೈಲಿಸ್ ಎಂಬುದರ, ಪಾತ್ರವೇ ಹಿರಿದೆಂಬುದು ಆ ವಾದ. ಅದನ್ನು ಪೂರ್ತಿಯಾಗಿ ಲೋಕವು ಒಪ್ಪಲಿಲ್ಲ. ಮುಂದೆ 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳಿಂದ, ಈ ಪ್ರಾಣಿಗಳು ಚದುರಿ ತೇಲುವ ಬ್ಯಾಕ್ಟೀರಿಯಗಳನ್ನು ತಿಂದು ನೀರನ್ನು ತಿಳಿಗೊಳಿಸುತ್ತವೆಂಬುದು ಸಿದ್ಧವಾಯಿತು. ವಾದದ ಅರ್ಧ ಉಳಿಯಿತು. ನಮಗೆ ಇಲ್ಲಿ ಮುಖ್ಯವಾದುದು ಬೇರೆ. ಕೆಸರನ್ನು ಒಂದು ವಸ್ತುವೆಂದು ನೋಡದೆ, ತಿನ್ನುವವರೂ ತಿನ್ನಿಸಿಕೊಳ್ಳುವವರೂ ಕೂಡಿ ಬಾಳುವ ಒಂದು ಸಮುದಾಯವೆಂದು ನೋಡುವ ಅಭ್ಯಾಸವು ಬೆಂಗಳೂರಿನಲ್ಲಿ ಬೇರೂರಿತ್ತು.

ಈ ನಡುವೆ ಪಶ್ಚಿಮದಲ್ಲಿ ಕಾಲ ಬದಲಾಯಿತು. ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ ವಿಧಿಸಿದ ಪ್ರಸಿದ್ಧ ಮಾನದಂಡವು ತೇಲುವ ಕಣಗಳ ಮತ್ತು ಆಮ್ಲಜನಕದ ಬೇಡಿಕೆಯ ಮಿತಿಗಳನ್ನು ಹೇಳಿತ್ತೇ ಹೊರತು ಸಾರಜನಕ ರಂಜಕಗಳ ಮಾತನ್ನೆತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಫಾಸ್ಫೇಟನ್ನು ಬೆರೆಸಿದ ಬಟ್ಟೆಯೊಗೆಯುವ ಪುಡಿಗಳು ಮನೆಮನೆಗೂ ಬಂದುವು. ಚೆನ್ನಾಗಿ ಶುದ್ಧಮಾಡಿ ಬಿಟ್ಟ ನೀರೂ ಸರೋವರಗಳನ್ನು ಹಸುರುಗಟ್ಟಿಸತೊಡಗಿತು. ಅಮೆರಿಕದ ಸಿಯಾಟಲ್ ನಗರದ ಬಳಿಯ ವಾಷಿಂಗ್ಟನ್ ಸರೋವರದಲ್ಲಿ 1955ರಲ್ಲಿ ಆಸಿಲೇಟೋರಿಯ ಜಾತಿಯ ಪಾಚಿ ಕಾಣಿಸಿಕೊಂಡಿತು. ಡಬ್ಲ್ಯು. ಟಿ. ಎಡ್ಮಂಡ್‌ಸನ್ ಎಂಬ ಜೀವವಿಜ್ಞಾನಿ ಅದರ ಅರ್ಥವನ್ನು ಜನಕ್ಕೆ ತಿಳಿಸಿದರು. 1963ರಿಂದ 1968ರ ಒಳಗೆ ಅಲ್ಲಿಯ ಕೊಳಚೆನೀರನ್ನು ಬೇರೆಡೆಗೆ ತಿರುಗಿಸಿದ ಮೇಲೆ ಸರೋವರವು ಮತ್ತೆ ತಿಳಿಯಾಯಿತು. ದೋಷಿ ಯಾರೆಂಬ ವಿವಾದವು ಇತ್ಯರ್ಥವಾದುದು ಕೆನಡದಲ್ಲಿ. 1973ರಲ್ಲಿ ಡೇವಿಡ್ ಷಿಂಡ್ಲರ್ ಆಂಟೇರಿಯೊ ಪ್ರಾಂತದ ಒಂದು ಸಣ್ಣ ಸರೋವರವನ್ನು ಪರದೆಯಿಂದ ಎರಡು ಭಾಗಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕಗಳನ್ನೂ, ಒಂದಕ್ಕೆ ಮಾತ್ರ ಅವುಗಳ ಜತೆಗೆ ರಂಜಕವನ್ನೂ ಹಾಕಿಸಿದರು. ರಂಜಕ ಬಿದ್ದ ಭಾಗವು ಹಸುರಾಯಿತು.

ಬೆಂಗಳೂರಿನ ಎರಡನೆಯ ಪ್ರಸ್ತಾಪ ಇಲ್ಲಿಯೇ ಬರುತ್ತದೆ. ರಂಜಕದ ವಿವಾದವು ಇನ್ನೂ ಬಲಿಯದಿದ್ದ 1959ರಲ್ಲಿ, ‘ಎಕ್ಸ್‌ಪೀರಿಯೆನ್ಷಿಯ’ ಎಂಬ ಸ್ವಿಟ್ಜರ್ಲೆಂಡಿನ ಪತ್ರಿಕೆಯಲ್ಲಿ ಇ. ಜಿ. ಶ್ರೀನಾಥ್, ಸಿ. ಎ. ಶಾಸ್ತ್ರಿ ಮತ್ತು ಎಸ್. ಸಿ. ಪಿಳ್ಳೆ ಇವರ ಒಂದು ಚಿಕ್ಕ ಲೇಖನವು ಪ್ರಕಟವಾಯಿತು. ಕ್ರಿಯಾಶೀಲ ಕೆಸರು ಕೊಳಚೆನೀರಿನ ರಂಜಕವನ್ನು ಶೀಘ್ರವಾಗಿ ತೆಗೆಯುತ್ತದೆಂಬುದು ಅದರ ವಿಷಯ. ಪ್ರತಿಯೊಂದು ಜೀವಕೋಶಕ್ಕೂ ಅಲ್ಪಸ್ವಲ್ಪ ರಂಜಕ ಬೇಕೇಬೇಕು. ಆದುದರಿಂದ ಸ್ವಲ್ಪ ರಂಜಕವು ಕೆಸರಿಗೆ ಸೇರುವುದು ಸಹಜ. ಇವರು ಕಂಡುದು ಅದಲ್ಲ. ಚೆನ್ನಾಗಿ ಗಾಳಿಯೂದಿದಾಗ ಕೆಸರಿನ ಜೀವಿಗಳು ತಮ್ಮ ಬೆಳವಣಿಗೆಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಾಗಿ ರಂಜಕವನ್ನು ಎಳೆದುಕೊಳ್ಳುತ್ತಿದ್ದುವು. ವಿಷವಸ್ತುವನ್ನು ಬೆರೆಸಿದರೆ ಅದು ನಿಲ್ಲುತ್ತಿತ್ತು, ಗಾಳಿಯಿಲ್ಲದಿದ್ದರೆ ನಡೆಯುತ್ತಿರಲಿಲ್ಲ. ಶ್ಲೋಸಿಂಗ್ ಮತ್ತು ಮ್ಯೂಂಟ್ಸರು ಕ್ಲೋರೊಫಾರಂ ಹಬೆಯಿಂದ ಮಾಡಿದ ಪರೀಕ್ಷೆಯ ತರ್ಕವೇ ಇಲ್ಲಿಯೂ ಕಾಣುತ್ತದೆ. ಕೆಲಸವು ಜೀವಿಗಳದು, ರಾಸಾಯನಿಕ ನಿಕ್ಷೇಪವಲ್ಲ ಎಂಬುದು ಹೀಗೆ ತೋರಿಬಂದಿತು. 1955ರಲ್ಲಿ ಅಮೆರಿಕದ ಗ್ರೀನ್‌ಬರ್ಗ್ ಮತ್ತು ಸಂಗಡಿಗರೂ ಇಂಥ ಅಧಿಕ ಹೀರಿಕೆಯ ಸಾಧ್ಯತೆಯನ್ನು ಸೂಚಿಸಿದ್ದರು. ಆದುದರಿಂದ ಜಗತ್ತಿನಲ್ಲಿ ಮೊತ್ತಮೊದಲು ಎಂಬ ಹೊಗಳಿಕೆಯನ್ನು ಅಳೆದು ಬಳಸಬೇಕು. ಆದರೂ ಈ ಕ್ಷೇತ್ರದ ವಿಮರ್ಶಾಲೇಖನಗಳನ್ನು ತೆರೆದರೆ, ಚರಿತ್ರೆಯ ಭಾಗವು ಸಾಮಾನ್ಯವಾಗಿ ಶ್ರೀನಾಥರ ಹೆಸರಿನಿಂದಲೇ ಮೊದಲಾಗುತ್ತದೆ. ನಮ್ಮ ಕಾಲೇಜುಗಳಲ್ಲಿ ಆ ಹೆಸರನ್ನು ಕೇಳಿದವರು ಎಷ್ಟು ಮಂದಿಯೋ ಕಾಣೆ.

ಅಲ್ಲಿಂದ ಮುಂದೆ ಕಥೆಯು ಬೇರೆ ದೇಶಗಳಲ್ಲಿ ನಡೆಯಿತು. 1965ರಲ್ಲಿ ಅಮೆರಿಕದ ಗಿಲ್ಬರ್ಟ್ ಲೆವಿನ್ ಮತ್ತು ಷಪಿರೊ, ವಾಷಿಂಗ್ಟನ್ ನಗರದ ಕೆಸರಿನಲ್ಲಿ ಇದೇ ವಿದ್ಯಮಾನವನ್ನು ಕಂಡು, ಗಾಳಿಯಿಲ್ಲದಾಗ ರಂಜಕವು ಹೊರಕ್ಕೆ ಬರುತ್ತದೆ, ಗಾಳಿ ಬಂದಾಗ ಒಳಕ್ಕೆ ಹೋಗುತ್ತದೆ ಎಂದು ವಿವರವಾಗಿ ತಿಳಿಸಿದರು. (1976ರಲ್ಲಿ ಮಂಗಳಗ್ರಹದ ಮೇಲಿಳಿದ ವೈಕಿಂಗ್ ನೌಕೆಗಳಲ್ಲಿ ಜೀವವನ್ನು ಹುಡುಕಿದ ಪ್ರಯೋಗಗಳಲ್ಲೊಂದನ್ನು ರಚಿಸಿದವರು ಇದೇ ಲೆವಿನ್. ಚರಂಡಿಯಿಂದ ಮಂಗಳಕ್ಕೆ ದಾರಿ ನಾವು ತಿಳಿದಷ್ಟು ದೂರವಲ್ಲ.) 1967ರಲ್ಲಿ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿಯೂ ಇಂಥದೇ ವರದಿ ಬಂದಿತು. ಆದರೆ ಕೆಲವು ಶುದ್ಧೀಕರಣಾಲಯಗಳಲ್ಲಿ ಆದುದು ಇನ್ನು ಕೆಲವುಗಳಲ್ಲಿ ಏಕೆ ಆಗುವುದಿಲ್ಲ ಎಂಬುದು ಒಗಟಾಗಿಯೇ ಉಳಿಯಿತು. ಉತ್ತರವು ದೊರೆತುದು ದಕ್ಷಿಣ ಆಫ್ರಿಕದಲ್ಲಿ. ನೀರಿನ ಬರವಿದ್ದು, ಒಮ್ಮೆ ಬಳಸಿದ ನೀರು ಮತ್ತೆ ಜಲಾಶಯವನ್ನೇ ಸೇರುವ ದೇಶ ಅದು. 1970ರ ದಶಕದ ಮೊದಲ ವರ್ಷಗಳಲ್ಲಿ ಜೇಮ್ಸ್ ಬರ್ನಾರ್ಡ್ ಎಂಬ ಎಂಜಿನಿಯರು ಪ್ರಿಟೋರಿಯದ ಡಾಸ್‌ಪೂರ್ಟಿನಲ್ಲಿ, ದಿನಕ್ಕೆ 100 ಘನಮೀಟರು ನೀರನ್ನು ಹಿಡಿಯುವ ಪ್ರಯೋಗಘಟಕದಲ್ಲಿ ಸಾರಜನಕವನ್ನು ತೆಗೆಯುವ ಯತ್ನದಲ್ಲಿದ್ದರು. ರಂಜಕವೂ ಹೋಗುತ್ತಿದೆಯೆಂಬುದು ಅವರಿಗೆ ಅನಿರೀಕ್ಷಿತವಾಗಿ ಗೋಚರಿಸಿತು. ಕೆಸರು ಮೊದಲು ಆಮ್ಲಜನಕವೂ ನೈಟ್ರೇಟೂ ಇಲ್ಲದ ತೊಟ್ಟಿಯಲ್ಲಿ ಕೊಳಚೆನೀರನ್ನು ಸಂಧಿಸಬೇಕು, ಅನಂತರ ಗಾಳಿಯ ತೊಟ್ಟಿಗೆ ಹೋಗಬೇಕು ಎಂಬ ಸೂತ್ರ ಅಲ್ಲಿಂದ ಹುಟ್ಟಿತು.

ಇದರ ಒಳಗುಟ್ಟು ಹೀಗಿದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಹೆಚ್ಚಿನ ಬ್ಯಾಕ್ಟೀರಿಯಗಳು ಅನ್ನವಿದ್ದರೂ ಉಣ್ಣಲಾರವು. ಫಾಸ್ಫೇಟಿನ ಸರಪಣಿಗಳನ್ನು ಒಡಲಲ್ಲಿ ಕೂಡಿಟ್ಟುಕೊಂಡಿರುವ ಒಂದು ಬಗೆಯ ಬ್ಯಾಕ್ಟೀರಿಯ ಮಾತ್ರ ಆ ಸರಪಣಿಗಳನ್ನು ಮುರಿದು, ಬಂದ ಶಕ್ತಿಯಿಂದ ಅಸಿಟೇಟು ಮೊದಲಾದ ಆಹಾರವನ್ನು ಎಳೆದುಕೊಂಡು ಕೊಬ್ಬಿನಂಥ ವಸ್ತುವಾಗಿ ಶೇಖರಿಸುತ್ತದೆ. ಆಗ ಫಾಸ್ಫೇಟು ನೀರಿಗೆ ಬೀಳುತ್ತದೆ. ಗಾಳಿಯ ತೊಟ್ಟಿಗೆ ಬಂದೊಡನೆ ಇತರರಿಗೆ ಉಣ್ಣಲು ಏನೂ ಉಳಿದಿರುವುದಿಲ್ಲ. ಇದು ಮಾತ್ರ ತನ್ನ ಬುತ್ತಿಯನ್ನು ಬಿಚ್ಚಿ ಉಂಡು, ಬಿಟ್ಟುದಕ್ಕಿಂತ ಹೆಚ್ಚಿನ ಫಾಸ್ಫೇಟನ್ನು ಮರಳಿ ತುಂಬಿಕೊಳ್ಳುತ್ತದೆ. ಸಾಮಾನ್ಯ ಕೆಸರಿನ ಒಣತೂಕದಲ್ಲಿ ರಂಜಕವು ಶೇಕಡ 2ರ ಆಸುಪಾಸಿನಲ್ಲಿದ್ದರೆ, ಇಂಥ ಕೆಸರಿನಲ್ಲಿ ಶೇಕಡ 5ನ್ನು ಮೀರಬಹುದು. ಆ ಕೆಸರಿನ ಒಂದು ಭಾಗವನ್ನು ಹೊರತೆಗೆದರೆ ರಂಜಕವೂ ಹೊರಬಂದಂತಾಯಿತು. ಇದೇ ಆಹಾರವನ್ನು ಕಬಳಿಸಿಯೂ ರಂಜಕವನ್ನು ಮುಟ್ಟದ ಇನ್ನೊಂದು ಪಂಗಡವೂ ಕೆಸರಿನಲ್ಲಿರುತ್ತದೆ. ಅದರ ಕೈ ಮೇಲಾದಾಗ ಶುದ್ಧಿ ಕೆಡುತ್ತದೆ.

ಈ ಬ್ಯಾಕ್ಟೀರಿಯ ಯಾವುದೆಂಬ ವಿಷಯದಲ್ಲಿ ವಿಜ್ಞಾನಿಗಳು ಬಹುಕಾಲ ದಾರಿತಪ್ಪಿದರು. 1975ರಲ್ಲಿ ಫೂಸ್ ಮತ್ತು ಚೆನ್ ತಟ್ಟೆಗಳಲ್ಲಿ ಬೆಳೆಸಿನೋಡಿ ಅಸಿನೆಟೊಬ್ಯಾಕ್ಟರ್ ಎಂದರು. ಸುಮಾರು ಎರಡು ದಶಕಗಳ ಕಾಲ ಎಲ್ಲರೂ ಅದನ್ನೇ ನಂಬಿದರು. 1990ರ ದಶಕದಲ್ಲಿ, ಜೀವಿಯನ್ನು ಬೆಳೆಸದೆ ಅದರ ಆನುವಂಶಿಕ ಗುರುತಿನಿಂದಲೇ ಪತ್ತೆಹಚ್ಚುವ ವಿಧಾನ ಬಂದಾಗ, ಕೆಸರಿನಲ್ಲಿ ಅದು ಅತ್ಯಲ್ಪವೆಂದು ತಿಳಿಯಿತು. ತಟ್ಟೆಯಲ್ಲಿ ಚೆನ್ನಾಗಿ ಬೆಳೆಯುವುದೇ ಅದರ ಹೆಗ್ಗಳಿಕೆಯಾಗಿತ್ತು, ಅಷ್ಟೆ. ನಿಜವಾದ ಕರ್ತೃವಿಗೆ 1999ರಲ್ಲಿ ಅಕ್ಯುಮುಲಿಬ್ಯಾಕ್ಟರ್ ಎಂಬ ತಾತ್ಕಾಲಿಕ ಹೆಸರನ್ನು ಕೊಟ್ಟರು. ಪ್ರತ್ಯೇಕವಾಗಿ ಬೆಳೆಸಲಾಗದಿದ್ದುದರಿಂದ ಅದಕ್ಕೆ ಅಭ್ಯರ್ಥಿಯ ಪದವಿ ಮಾತ್ರ ದೊರೆಯಿತು. ಇತಿಹಾಸದ ವಿದ್ಯಾರ್ಥಿಗೆ ಇದು ಪರಿಚಿತವಾದ ಪ್ರಮಾದ. ದಾಖಲೆಯನ್ನು ಬಿಟ್ಟುಹೋದವರನ್ನೇ ನಾವೂ ಎಷ್ಟೋ ಸಲ ಕಾಲದ ಕರ್ತೃಗಳೆಂದು ಭಾವಿಸುತ್ತೇವೆ.

ಸಾರಜನಕದ ಭಾಗದಲ್ಲಿಯೂ ಹಳೆಯ ನಿಯಮಗಳು ಅಲುಗಾಡಿದುವು. ಗಾಳಿಯಿಲ್ಲದೆಯೇ ಅಮೋನಿಯವನ್ನು ನೈಟ್ರೈಟಿನೊಡನೆ ಕೂಡಿಸಿ ಸಾರಜನಕ ಅನಿಲವನ್ನಾಗಿ ಮಾಡುವ ಜೀವಿಯು ಇರಬೇಕೆಂದು 1977ರಲ್ಲಿ ವಿಯೆನ್ನದ ಬ್ರೋಡ ಬರಿಯ ಲೆಕ್ಕಾಚಾರದಿಂದ ಊಹಿಸಿದ್ದರು. ಹಾಲೆಂಡಿನ ಡೆಲ್ಫ್ಟ್ ನಗರದ ಒಂದು ಕಾರ್ಖಾನೆಯ ತ್ಯಾಜ್ಯಜಲದಲ್ಲಿ ಅದು ನಡೆಯುತ್ತಿರುವುದು 1995ರಲ್ಲಿ ಪ್ರಕಟವಾಯಿತು. 2002ರಲ್ಲಿ ರಾಟರ್‌ಡಾಮಿನಲ್ಲಿ ಅದನ್ನಾಧರಿಸಿದ ಪೂರ್ಣಪ್ರಮಾಣದ ಸ್ಥಾವರವು ಏರ್ಪಟ್ಟಿತು. 2015ರಲ್ಲಿ, ಅಮೋನಿಯದಿಂದ ನೈಟ್ರೇಟಿನವರೆಗಿನ ಎರಡು ಹೆಜ್ಜೆಗಳನ್ನೂ ಒಂಟಿಯಾಗಿಯೇ ಇಡಬಲ್ಲ ನೈಟ್ರೊಸ್ಪೈರ ಜಾತಿಯ ಬ್ಯಾಕ್ಟೀರಿಯವು ಬೆಳಕಿಗೆ ಬಂದು, ವಿನೊಗ್ರಾಡ್‌ಸ್ಕಿ ಹಾಕಿದ ಗೆರೆಯನ್ನು ಅಳಿಸಿತು.

ಬೆಂಗಳೂರಿನ 1959ರ ಬೀಜವು ಬೆಂಗಳೂರಿನಲ್ಲಿಯೇ ಏಕೆ ಫಲಿಸಲಿಲ್ಲ? ಪರದೇಶದವರು ನಮ್ಮ ಕೀರ್ತಿಯನ್ನು ಅಪಹರಿಸಿದರೆಂಬ ಸುಲಭವಾದ ಉತ್ತರವನ್ನು ಈ ಲೇಖಕನು ಒಪ್ಪುವುದಿಲ್ಲ. ಅವರ ಗ್ರಂಥಗಳೇ ಈ ಹೆಸರನ್ನು ಉಳಿಸಿವೆ. ನನ್ನ ಅಭಿಪ್ರಾಯದಲ್ಲಿ ಕಾರಣ ಬೇರೆ. ಫೌಲರರ ಪರಂಪರೆಯಲ್ಲಿ ರಂಜಕವೂ ಸಾರಜನಕವೂ ಗೊಬ್ಬರದ ಅಂಶಗಳು. ನೀರಿನಿಂದ ಅವು ಕೆಸರಿಗೆ ಸೇರಿದರೆ ಕೆಸರು ಬೆಲೆಬಾಳುತ್ತದೆ. ಸರೋವರದ ಭಯವು ಇಲ್ಲಿ ಇನ್ನೂ ಹುಟ್ಟಿರಲಿಲ್ಲ. ಕೊಳಚೆನೀರಿನ ಬಹುಭಾಗವನ್ನು ಶುದ್ಧಮಾಡದೆಯೇ ಹೊರಕ್ಕೆ ಬಿಡುತ್ತಿದ್ದ ನಗರಗಳಲ್ಲಿ, ಶುದ್ಧವಾದ ನೀರಿನಲ್ಲಿ ಉಳಿದ ರಂಜಕದ ವಿಷಯವನ್ನು ಕೇಳುವವರಾರು? ಉತ್ತರವು ದೊರೆತಿತ್ತು, ಅದಕ್ಕೆ ತಕ್ಕ ಪ್ರಶ್ನೆಯನ್ನು ಕೇಳಬೇಕಾದ ನಗರಸಭೆ ಮುಂದೆ ಬಂದಿರಲಿಲ್ಲ.

ಆ ಪ್ರಶ್ನೆಯು ತಡವಾಗಿ, ಬೇರೆ ರೂಪದಲ್ಲಿ ಬಂದಿತು. ವಿಜ್ಞಾನ ಸಂಸ್ಥೆಯಿರುವ ಊರಿನಲ್ಲಿಯೇ, ಬೆಳ್ಳಂದೂರು ಕೆರೆಯ ನೊರೆಯು ರಸ್ತೆಗೆ ಹಾರಿತು. 2015ರಲ್ಲಿ ಅದಕ್ಕೆ ಬೆಂಕಿಯೂ ಹತ್ತಿತು. 2018ರ ಜೂನ್ ತಿಂಗಳಿನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು, ದಿನಕ್ಕೆ 440 ದಶಲಕ್ಷ ಲೀಟರಿನ ಗುರಿಯನ್ನಿಟ್ಟುಕೊಂಡು, ಕೋಲಾರ ಜಿಲ್ಲೆಯ ಬತ್ತಿದ ಕೆರೆಗಳಿಗೆ ಏರಿಸತೊಡಗಿದರು. ಮೊದಲು ನೀರು ಸೇರಿದುದು ಲಕ್ಷ್ಮೀಸಾಗರದ ಕೆರೆಗೆ. ಕೆಲವೇ ವಾರಗಳಲ್ಲಿ ಅಲ್ಲಿಯೂ ನೊರೆ ಕಂಡು ವಿವಾದವು ನ್ಯಾಯಾಲಯಕ್ಕೆ ಹೋಯಿತು. ಎರಡನೆಯ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂಬುದು ಜಿಲ್ಲೆಯ ಹೋರಾಟಗಾರರ ಬೇಡಿಕೆ. ಬರಡುನೆಲದ ಬಾವಿಗಳಿಗೆ ನೀರು ಬರುತ್ತಿರುವಾಗ ತಡೆಯುವುದು ಸಲ್ಲದೆಂಬುದು ಸರಕಾರದ ವಾದ. ಆ ನೀರಿನ ಸಾರಜನಕವೂ ರಂಜಕವೂ ಗದ್ದೆಗೆ ಹರಿಯುವುದೋ ಕೆರೆಯಲ್ಲಿಯೇ ನಿಲ್ಲುವುದೋ ಎಂಬುದರ ಮೇಲೆ ಈ ವ್ಯಾಜ್ಯದ ನ್ಯಾಯವು ಬಹುಮಟ್ಟಿಗೆ ನಿಂತಿದೆ. ಇದನ್ನು ಬರೆಯುವ ಇತಿಹಾಸಕಾರನು ನ್ಯಾಯಾಲಯದ ಕಡತಗಳೊಡನೆ ವಿಜ್ಞಾನ ಸಂಸ್ಥೆಯ ಪತ್ರಿಕೆಯ ಹಳೆಯ ಸಂಪುಟಗಳನ್ನೂ, ಫೌಲರರ ಕಾಲದಿಂದ ಮೊದಲುಮಾಡಿ, ನೋಡಬೇಕಾಗುತ್ತದೆ.